ಒತ್ತು ಸಾಲಲಿಲ್ಲ

"ಪತ್ನಿ ಅಂತ ಹಾಕಿ ಒಂದು ನಿಮಿಷ ನಿಂದರ್ರಿ," ಎಂದು ಆನಂದ ಫೋನನ್ನು ಕಿವಿಯಿಂದ ಸರಿಸಿ, ಅಂಗಳದಲ್ಲಿ ಅಪ್ಪನ ಹೆಣಕ್ಕೆ ನೀರು ಹೊಯ್ಯುತ್ತಿದ್ದ ತಾಯಿಯ ಪಕ್ಕ ಬಂದು ಬಗ್ಗಿದ. "ಯವ್ವಾ, ಶ್ರದ್ಧಾಂಜಲಿ ಫ್ಲೆಕ್ಸಿನ್ಯಾಗ ನಿನ್ನ ಹೆಸರು ಏನಂತ ಹಾಕಸಲಿ?"

ಮೂಕಮ್ಮನ ಕೈಯ ಚೆಂಬು ಅರ್ಧಕ್ಕೇ ನಿಂತಿತು. ನಲವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ಮಾತನ್ನು ಮಗ ಇವತ್ತು, ಈ ಗಳಿಗೆಯಲ್ಲಿ, ನಾಲ್ಕು ಮಂದಿಯೆದುರು ಎತ್ತಿದ್ದ.

"ನನಗ ಎಷ್ಟು ಹೆಸರದಾವಪ್ಪಾ?"

"ಹಂಗಲ್ಲ ಬೇ. ಆಧಾರ್ ಕಾರ್ಡಿನ್ಯಾಗ ಮೂಕಮ್ಮ ಅದ. ನಿಮ್ಮ ಲಗ್ನದ ಕಾರ್ಡಿನ್ಯಾಗ ಕಲ್ಯಾಣಿ ಅಂತ ಅದ. ನಮ್ಮ ಸಾಲಿ ಮಾಸ್ತರು ಮಂದಿ ಎಲ್ಲಾ ಬರ್ತಾರ. ಕಲ್ಯಾಣಿ ಅಂದ್ರ ಛಲೋ ಕಾಣ್ತದ ಅಂತ..."

ಆನಂದ ಯರಗೇರಾದಲ್ಲಿ ಹೈಸ್ಕೂಲು ಮಾಸ್ತರು. ಅವ್ವನ ಹೆಸರಿನ ಬಗ್ಗೆ ಅವನಿಗೂ ಒಂದಿಷ್ಟು ನಾಚಿಕೆ ಇದೆಯೆಂದು ಮೂಕಮ್ಮನಿಗೆ ಗೊತ್ತಿತ್ತು. ಅಪ್ಪನಂತೆ ಮಗ ಎಂದುಕೊಂಡಳು.

"ಯಾರದಾರ ಹಾಕಸು," ಎಂದಳು. "ನಿಮ್ಮಪ್ಪ ಯಾರನ್ನ ಮದಿವಿ ಆಗಿದ್ದನೋ ಆಕಿದು ಹಾಕಸು."

ಗೋಡೆಗೆ ಗೋಡೆ ಹಚ್ಚಿದ ಮನೆಯ ಬಡೇಬೀ, ಟವೆಲ್ಲು ಹಿಡಿದು ನಿಂತವಳು, "ಈಗ್ಯಾಕವ್ವಾ ಆ ಮಾತು. ನೀರು ಹಾಕು, ಒತ್ತಾಗಾಕತ್ಯದ," ಎಂದಳು. ರಾಯಚೂರಿನ ಆ ಓಣಿಯಲ್ಲಿ, ಸುತ್ತಲ ಊರುಗಳಲ್ಲೂ, ಹೊತ್ತಿಗೆ ಎಲ್ಲರೂ ಒತ್ತು ಎಂದೇ ಅನ್ನುತ್ತಾರೆ. ಆ ಒಂದು ಮಾತಿಗೆ ಬಾಯಿ ತೆರೆದು ಹಕಾರ ಹೇಳುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇಲ್ಲ.

ಮೂಕಮ್ಮ ನೀರು ಹೊಯ್ದಳು. ಗಂಡನ ಎಡಗೈ ತೊಳೆಯುವಾಗ ಹೆಬ್ಬೆರಳ ತುದಿಯ ಗಟ್ಟಿ ಗಂಟು ಕೈಗೆ ಸಿಕ್ಕಿತು. ಸೀಸದ ಅಕ್ಷರಗಳನ್ನು ಒತ್ತಿ ಹಿಡಿದು ಹಿಡಿದು ಆದ ಗಂಟು. ಆ ಕೆಲಸ ಬಿಟ್ಟು ಇಪ್ಪತ್ತೈದು ವರ್ಷವಾದರೂ ಅದು ಕರಗಿರಲಿಲ್ಲ. ನಿನ್ನೆ ಸಂಜೆ ಉರುಕುಂದಪ್ಪ ಚಹಾ ಕುಡಿದು ಬಸಿ ಕೆಳಗಿಟ್ಟವನು ಹಾಗೆಯೇ ವಾಲಿಕೊಂಡಿದ್ದ. ಅಳು ಆಗಲೂ ಬರಲಿಲ್ಲ, ಈಗಲೂ ಬರುತ್ತಿಲ್ಲ. ದಣಿವು ಮಾತ್ರ ಬಂದಿತ್ತು, ಅದೂ ನಿನ್ನೆಯದಲ್ಲ.

*

ಆ ಕಾರ್ಡು ತವರು ದೇವದುರ್ಗಕ್ಕೆ ಬಂದಾಗ ಲಗ್ನಕ್ಕೆ ಆರೇ ದಿನ ಉಳಿದಿತ್ತು. ಮೂಕಮ್ಮನಿಗೆ ಹದಿನೆಂಟು. ಅವರ ಓಣಿಯಲ್ಲಿ ಅದುವರೆಗೆ ಯಾರೂ ಕಾರ್ಡು ಹೊಡೆಸಿದವರಲ್ಲ. ಎಲೆ ಅಡಿಕೆ ಕೊಟ್ಟು ಹೇಳಿ ಬಂದರೆ ಮುಗಿಯಿತು. ಆದರೆ ಗಂಡು ಮಾನ್ವಿಯ ಛಾಪಖಾನೆಯಲ್ಲಿ ಅಕ್ಷರ ಜೋಡಿಸುವವನು. ಮೊಳೆಯಂಥ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲಿಗೆ ನಿಲ್ಲಿಸುವವನು. ಅಂಥವನ ಮದುವೆಗೆ ಕಾರ್ಡಿಲ್ಲದಿದ್ದರೆ ಹೇಗೆ?

ಅವಳು ಅರಿಷಿಣದ ಕೈಯಲ್ಲೇ ಅದನ್ನು ಹಿಡಿದು ಮೂಸಿ ನೋಡಿದಳು. ಸೀಮೆಎಣ್ಣೆಯ ವಾಸನೆ. ಓದು ಬಾರದ ಅಪ್ಪ ಅದನ್ನು ಪೋಸ್ಟಿನವನ ಕೈಗೇ ತಿರುಗಿ ಕೊಟ್ಟ. ಅವನು ಗಂಟಲು ಸರಿಮಾಡಿಕೊಂಡು "ಚಿರಂಜೀವಿ ಸೌಭಾಗ್ಯವತಿ ಕಲ್ಯಾಣಿ" ಎಂದು ಓದಿದ.

"ಇದು ಯಾರದೋ ಕಾರ್ಡು," ಅಂದ ಅಪ್ಪ.

"ಗಂಡು ಉರುಕುಂದಪ್ಪನೇ ಅದಾನ. ಬೀಗರ ಜಾಗದಾಗ ನಿನ್ನ ಹೆಸರೂ ಅದ," ಎಂದ ಪೋಸ್ಟಿನವ. "ಹುಡುಗಿ ಮಾತ್ರ ಬ್ಯಾರೆ ಅದಾಳ."

ನೆರೆದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪ್ಯಾಟಿ ಗಂಡು, ಮೂಕಮ್ಮ ಅಂತ ಹೇಳಾಕ ನಾಚಿಕಿ ಬಂದಿರಬೇಕು ಎಂದಳೊಬ್ಬಳು. ಮಾನ್ವ್ಯಾಗ ಯಾವಾಕಿನೋ ಕಲ್ಯಾಣಿ ಇದ್ದಿರಬೇಕು ಎಂದಳು ಇನ್ನೊಬ್ಬಳು. ಹಂದರ ಹಾಕಿ ಆಗಿತ್ತು, ಲಗ್ನ ನಿಲ್ಲಲಿಲ್ಲ. ಆದರೆ ಆ ಎರಡು ಮಾತೂ ಮೂಕಮ್ಮನ ಜೊತೆಗೇ ಬಸ್ಸು ಹತ್ತಿ ಮಾನ್ವಿಗೆ ಬಂದವು.

ಛಾಪಖಾನೆಯ ಹಿಂದೆ ಒಂದೇ ಖೋಲಿಯ ಸಂಸಾರ. ಎಂಟನೆಯ ದಿನ, ರೊಟ್ಟಿ ಬಡಿಯುತ್ತ, ಅವನ ಮುಖ ನೋಡದೆ ಕೇಳಿದಳು. ಗೋಡೆಯಾಚೆ ಮಿಶನ್ನು ಖಟ್ ಖಟ್ ಎಂದು ನಡೆದಿತ್ತು.

"ಕಾರ್ಡಿನ್ಯಾಗ ನನ್ನ ಹೆಸರು ಯಾಕ ಹಾಕಲಿಲ್ಲ?"

"ಒತ್ತು ಸಾಲಲಿಲ್ಲ ಬೇ," ಎಂದು ಅವನು ನಕ್ಕು ಇನ್ನೊಂದು ರೊಟ್ಟಿಗೆ ಕೈಚಾಚಿದ.

ಹೊತ್ತು ಸಾಲಲಿಲ್ಲವಂತೆ. ಕಲ್ಯಾಣಿ ಎಂದು ಜೋಡಿಸಲು ಹೊತ್ತಿತ್ತು, ಮೂಕಮ್ಮ ಎಂದು ಜೋಡಿಸಲು ಇರಲಿಲ್ಲ. ಅದಕ್ಕೆ ನಗು ಬೇರೆ. ಹೆಸರಿಗೆ ಮೂಕಮ್ಮ, ಬಾಯಿ ಮಾತ್ರ ಊರಗಲ ಎಂದು ತವರಿನಲ್ಲಿ ಅನ್ನಿಸಿಕೊಂಡವಳು ಈ ಒಂದು ವಿಷಯಕ್ಕೆ ಅವತ್ತಿನಿಂದ ಮೂಕಿಯಾದಳು.

ಆಮೇಲೆ ಅವನಿಗೆ ನಿಜವಾಗಿಯೂ ಹೊತ್ತು ಸಾಲಲಿಲ್ಲ. ಲಗ್ನಸರಾಯಿ ಬಂದರೆ ಕಾರ್ಡು, ಇಲೆಕ್ಷನ್ ಬಂದರೆ ಕರಪತ್ರ. ಆನಂದ ಹುಟ್ಟಿದಾಗ ದೇವದುರ್ಗಕ್ಕೆ ಮೂರನೇ ದಿನ ಬಂದು, ಮಸಿ ಹತ್ತಿದ ಬೆರಳಿಂದ ಕೂಸಿನ ಗಲ್ಲ ಮುಟ್ಟಿ, "ಒತ್ತು ಸಿಗಲಿಲ್ಲ" ಎಂದ. ಗೊತ್ತದ ಬಿಡು ಎಂದು ಅವಳು ಗೋಡೆಯ ಕಡೆ ಹೊರಳಿದಳು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. ಏ, ಬೇ, ಇಲ್ಲಿ ಬಾ ಎಂಬುದರಲ್ಲೇ ಅವರ ಸಂಸಾರ ನಡೆಯಿತು. ಹಾಗಾಗಿ ಅವನ ಮನಸ್ಸಿನಲ್ಲಿ ಯಾವ ಹೆಸರಿದೆಯೋ ಅವಳಿಗೆ ತಿಳಿಯಲೇ ಇಲ್ಲ.

*

ಹನ್ನೊಂದಾಗುವ ಹೊತ್ತಿಗೆ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಬಂದವರು ಕಾಲು ಮುಟ್ಟಿ ಬದಿಗೆ ಕೂರುತ್ತಿದ್ದರು. ಛಾಪಖಾನೆಗಳಿಗೆ ಕಂಪ್ಯೂಟರ್ ಬಂದ ಮೇಲೆ ಉರುಕುಂದಪ್ಪ ರಾಯಚೂರಿಗೆ ಬಂದು ಪುಸ್ತಕದ ಹಾಳೆ ಮಡಚುವ ಕೆಲಸ ಹಿಡಿದಿದ್ದ. ಅಲ್ಲಿಯವನೊಬ್ಬ, "ಭಾಳ ನೀಟ್ ಮನಿಷ್ಯಾ. ಒಂದಿನ ಒಂದು ತಪ್ಪು ಮಾಡಲಿಲ್ಲ," ಎಂದ.

ಒಂದು ಮಾಡ್ಯಾನ ಎಂದುಕೊಂಡಳು ಮೂಕಮ್ಮ.

ಆನಂದನ ಫೋನು ಮತ್ತೆ ರಿಂಗಾಯಿತು. ಫ್ಲೆಕ್ಸಿನವನಿಗೆ ಹನ್ನೆರಡರೊಳಗೆ ಹೆಸರು ಬೇಕಂತೆ. "ಇನ್ನೊಂದು ಸ್ವಲ್ಪ ತಡಿರಿ," ಎಂದು ಅವನು ಅವ್ವನ ಮುಖ ನೋಡಿದ. ಅವಳು ನೋಡದವಳಂತೆ ಕೂತಳು.

*

ಒಂದು ಸಲ, ಆನಂದ ಎಂಟನೆಯ ಇಯತ್ತೆಯಲ್ಲಿದ್ದಾಗ, ದೊಡ್ಡವರಿಗೂ ಅಕ್ಷರ ಕಲಿಸುವ ಸಾಲಿಗಳು ಊರೂರಲ್ಲಿ ಶುರುವಾಗಿದ್ದವು. ಉರುಕುಂದಪ್ಪ ಎಲ್ಲಿಂದಲೋ ಒಂದು ಪಾಟಿ ತಂದು, ಅವಳ ಪಕ್ಕ ಕೂತು ಬಳಪದಿಂದ ದುಂಡಗೆ ಬರೆದ. ಮೂರು ಅಕ್ಷರ, ಕೊನೆಯದರ ಕೆಳಗೆ ಸಣ್ಣದೊಂದು ಸುರುಳಿ.

"ಇದು ನಿನ್ನ ಹೆಸರು ನೋಡು."

ಅವಳಿಗೆ ಎಲ್ಲಿತ್ತೋ ಸಿಟ್ಟು. "ಲಗ್ನದಾಗ ಇಲ್ಲದ ಒತ್ತು ಈಗೆಲ್ಲಿಂದ ಬಂತು?"

ಅವನ ಮುಖ ಅರಳಿತು. "ಅವತ್ತು ಇರಲಿಲ್ಲ ಖರೆ. ಇವತ್ತು ಅದ, ನೋಡಿಲ್ಲಿ," ಎಂದು ಬಳಪದ ತುದಿಯನ್ನು ಆ ಸುರುಳಿಯ ಮೇಲೆ ಇಟ್ಟ.

ಚೇಷ್ಟೆ ಮಾಡುತ್ತಿದ್ದಾನೆ ಎಂದು ಅವಳು ಪಾಟಿಯನ್ನು ನೂಕಿದಳು. ಅದು ಬಂಡೆಗೆ ಬಡಿದು ಒಡೆಯಿತು. ಅವನು ಚೂರುಗಳನ್ನು ಆರಿಸಿ ಹೊರಗೆ ಒಯ್ದ. ಮತ್ತೆ ಪಾಟಿ ತರಲಿಲ್ಲ, ಅವಳೂ ಅಕ್ಷರ ಕಲಿಯಲಿಲ್ಲ.

*

ಮಾನ್ವಿಯ ಬಸ್ಸಿಗೆ ಬುರ್ಹಾನುದ್ದೀನ್ ಬಂದ. ಛಾಪಖಾನೆಯಲ್ಲಿ ಉರುಕುಂದಪ್ಪ ಜೋಡಿಸಿದ್ದನ್ನು ಕಾಲಿಂದ ಮಿಶನ್ನು ತುಳಿದು ಹೊಡೆಯುತ್ತಿದ್ದವನು. ಈಗ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗೆಳೆಯನ ಕಾಲು ಮುಟ್ಟಿ ಬದಿಗೆ ಕೂತ. ಆನಂದ ತಡೆಯಲಾರದೆ ಹಳೆಯ ಕಾರ್ಡನ್ನು ಅವನ ಕೈಗೆ ಕೊಟ್ಟ.

"ಕಾಕಾ, ಇದರಾಗ ಕಲ್ಯಾಣಿ ಅಂತ ಯಾಕದ?"

ಬುರ್ಹಾನುದ್ದೀನ್ ಚಷ್ಮಾ ಹಾಕಿಕೊಂಡ. "ಇದನ್ನ ನಾನೇ ಹೊಡ್ದದ್ದು," ಎಂದ. "ಕಲ್ಯಾಣಿ ಯಾರೋ ಸಾವ್ಕಾರನ ಮಗಳು. ಆಕಿ ಕಾರ್ಡು ಅದೇ ದಿನ ಹೊಡ್ದಿದ್ವಿ. ಜೋಡಿಸಿದ ಸಾಲು ಹಂಗೇ ಬಿದ್ದಿತ್ತು, ಹೆಸರಿನ ಜಾಗ ಖಾಲಿ ಬಿಡಾಂಗಿಲ್ಲ ಅಂತ ಎತ್ತಿ ಇಲ್ಲಿ ಇಟ್ಟ್ವಿ. ಒತ್ತು ಸಾಲಲಿಲ್ಲ."

ಮೂಕಮ್ಮ ಬಾಯಿ ಬಿಟ್ಟಳು. "ಆತನೂ ಅದನ್ನೇ ಹೇಳಿದ್ದ ಅಣ್ಣಾ. ಎಷ್ಟು ಒತ್ತು ಬೇಕಿತ್ತು ನನ್ನ ಹೆಸರಿಗೆ? ಒಂದು ಬೀಡಿ ಸೇದೋವಷ್ಟೂ ಇರಲಿಲ್ಲೇನು?"

ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಚಷ್ಮಾ ತೆಗೆದ.

"ಟೈಮ್ ಅಲ್ಲ ಭಾಬಿ. ಒತ್ತು. ಅಕ್ಷರದ ಕೆಳಗ ಸಣ್ಣದೊಂದು ಕೂಡ್ತದಲ್ಲ, ಆ ಒತ್ತು. ನಮ್ಮ ಕಡೆ ಹೆಸರಂದ್ರ ಎಲ್ಲಾ ಅಪ್ಪ, ಎಲ್ಲಾ ಅಮ್ಮ. ಲಗ್ನಸರಾಯ್ನಾಗ ಹತ್ತು ಕಾರ್ಡು ಒಮ್ಮಿಗೇ ಜೋಡಿಸಿದ್ರ ಅಕ್ಷರ ಇಡೋ ಖಾನಿ ಖಾಲಿ. ಅವತ್ತು ಝಾಡ್ಸಿ ನೋಡಿದ್ರ ಮ ಒತ್ತು ಒಂದೇ ಉಳದಿತ್ತು. ಅದು ಮ್ಯಾಲಿನ ಸಾಲಿಗೆ, ಮಾರೆಮ್ಮ ದೇವಿ ಪ್ರಸನ್ನ ಅನ್ನೋದಕ್ಕ ಹೋತು. ದೇವರಿಗೆ ಕಡಿಮಿ ಮಾಡಾಕ ಬರ್ತದೇನು? ನಾ ಅಂದೆ, ಮೂಕಮ ಅಂತ ಹೊಡ್ಯೋಣ ನಡಿ, ಓದೋ ಮಂದಿ ಎಷ್ಟದಾರ. ಕೇಳಲಿಲ್ಲ. ಆಕಿ ಹೆಸರು ಮುರದು ಹಾಕಾಂಗಿಲ್ಲ, ಬಂದ್ರ ಪೂರಾ ಬರ್ಬೇಕು, ಇಲ್ಲಂದ್ರ ಬ್ಯಾಡೇ ಬ್ಯಾಡ ಅಂದ."

ಮೂಕಮ್ಮ ಗಂಡನ ಮುಖ ನೋಡಿದಳು. ಒಡೆದ ಪಾಟಿ ಕಣ್ಣಿಗೆ ಕಟ್ಟಿತು, ಆ ಸುರುಳಿಯ ಮೇಲೆ ಬಳಪ ಇಟ್ಟುಕೊಂಡು ಅರಳಿದ್ದ ಮುಖವೂ. ಬೆರಳಿಟ್ಟು ತೋರಿಸಿದ್ದ. ತೋರಿಸಿದ್ದನ್ನು ತಾನೇ ನೂಕಿದ್ದಳು.

"ಹೇಳಿದ್ದ," ಎಂದಳು. "ಆತ ಎರಡು ಸಲ ಹೇಳಿದ್ದ. ನನಗೇ ಕೇಳಸಲಿಲ್ಲ."

ನಿನ್ನೆಯಿಂದ ಬಾರದ ಅಳು ಆಗ ಬಂತು. ಬಡೇಬೀ ಅವಳನ್ನು ಎದೆಗೆ ಒತ್ತಿಕೊಂಡಳು. ಅಳುವ ನಡುವೆಯೇ ಮತ್ತೆ ಫೋನು ರಿಂಗಾಯಿತು. ಆನಂದ ಅದನ್ನು ಕಟ್ ಮಾಡಲು ಹೋದರೆ ಮೂಕಮ್ಮ ಕೈಯೆತ್ತಿ ತಡೆದಳು.

"ಈಗಿನ ಮಿಶನ್ಯಾಗ ಒತ್ತು ಸಾಲ್ತಾವೇನಪ್ಪಾ?"

"ಬೇಕಾದಷ್ಟು ಅದಾವ ಯವ್ವಾ."

"ಹಂಗಾರ ನನ್ನ ಹೆಸರು ಹಾಕಸು. ಪೂರಾ ಹಾಕಸು."

*

ಮಣ್ಣು ಮೂರೂವರೆಗೆ ಆಯಿತು. ಕುಣಿಯ ದಂಡೆಯಲ್ಲಿ ಎಲ್ಲರೂ ಮೂರು ಮೂರು ಹಿಡಿ ಕರಿಮಣ್ಣು ಕೊಟ್ಟರು. ಮೂಕಮ್ಮ ಎರಡು ಹಿಡಿ ಕೊಟ್ಟು, ಮೂರನೆಯದನ್ನು ಬಿಡಲಾರದೆ ನಿಂತಾಗ ಬುರ್ಹಾನುದ್ದೀನ್ ಮೆಲ್ಲಗೆ, "ಬಿಡು ಭಾಬಿ," ಎಂದ. ಬಿಟ್ಟಳು.

ತಿರುಗಿ ಬರುವಷ್ಟರಲ್ಲಿ ಓಣಿಯ ಬಾಯಿಗೆ ಫ್ಲೆಕ್ಸು ಕಟ್ಟಿದ್ದರು. ಮೇಲೆ ಉರುಕುಂದಪ್ಪನ ಫೋಟೊ, ಕೆಳಗೆ ಸಾಲುಸಾಲು ಹೆಸರು. ಮಂದಿ ಕಾಲು ತೊಳೆದು ದೀಪಕ್ಕೆ ಕೈಮುಗಿಯಲು ಒಳಗೆ ಹೋದರು. ಮೂಕಮ್ಮ ಅಲ್ಲೇ ನಿಂತಳು.

"ಇದರಾಗ ನಂದು ಯಾವುದು?"

ಆನಂದ ಮೊದಲನೆಯ ಸಾಲಿನಲ್ಲಿ ಪತ್ನಿ ಎಂಬುದರ ಮುಂದಿನ ಹೆಸರು ತೋರಿಸಿದ. ಅವಳು ಹತ್ತಿರ ಸರಿದಳು. ಮೂರು ಅಕ್ಷರ. ಕೊನೆಯದರ ಕೆಳಗೆ, ಪಾಟಿಯ ಮೇಲೆ ಇದ್ದ ಹಾಗೆಯೇ, ಆ ಸಣ್ಣ ಸುರುಳಿ ಕೂತಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಕರಿಮಣ್ಣಿದ್ದ ಬೆರಳನ್ನು ಅವಳು ಅದರ ಮೇಲೆ ಇಟ್ಟಳು.

"ಒಳಗ ಬಾ ಯವ್ವಾ," ಎಂದು ಬಡೇಬೀ ಬಾಗಿಲಿನಿಂದ ಕರೆದಳು. "ಒತ್ತಾತು."

ಮೂಕಮ್ಮ ಬೆರಳು ತೆಗೆಯಲಿಲ್ಲ.