ಚಾಚಿದ ಎಡಗೈ

ಅಪ್ಪ ಕೊನೆಯದಾಗಿ ಕೇಳಿದ್ದು ಲಿಂಗವನ್ನು. ನಾನು ಕೊಡಲಿಲ್ಲ. ತಡ ಮಾಡಿದೆ ಎಂದು ಬರೆಯಬಹುದಿತ್ತು. ಆದರೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದವಳು ನಾನೇ, ಆದ್ದರಿಂದ ಕೊಡಲಿಲ್ಲ ಎನ್ನುವುದೇ ಸರಿ.

ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ಅಪ್ಪ ಕರಿಬಸಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನಾನೂ ನನ್ನ ಗಂಡನೂ ಪಟ್ಟಂದೂರು ಅಗ್ರಹಾರದಲ್ಲಿ ನಾಗಲಕ್ಷ್ಮಮ್ಮನ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನಮ್ಮ ಮೇಲಿನ ತಾರಸಿಯಲ್ಲಿ, ತಗಡು ಹೊದಿಸಿದ ಹಾಲ್‌ನಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತದೆ. ಎರಡು ಸಲ ಗರ್ಭ ನಿಲ್ಲದೆ, ಆಫೀಸಿನ ಲಿಫ್ಟ್ ಹತ್ತಲೂ ಎದೆ ಹೊಡೆದುಕೊಳ್ಳುತ್ತಿದ್ದ ದಿನಗಳಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರು ಅಲ್ಲಿನ ವಿಶ್ವನಾಥ್ ಬ್ರದರ್. ಆ ಕೈ ಬೆಚ್ಚಗಿತ್ತು. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಅವರು ಹೇಳಿದರೆಂದು ಕೊರಳಿನ ಲಿಂಗ ತೆಗೆದೆ. ಅಪ್ಪನಿಗೆ ತಿಳಿಸಿದಾಗ, "ಈಗ ನಿದ್ದೆ ಬರ್ತತೇನು?" ಎಂದಷ್ಟೇ ಕೇಳಿದರು. ಬರುತ್ತದೆ ಎಂದೆ. "ಹಂಗಾರೆ ಸರಿ ಬಿಡವ್ವ."

ಆದರೆ ಒಂದು ಭಯಕ್ಕೆ ಮದ್ದು ಕೊಟ್ಟವರೇ ಇನ್ನೊಂದು ಭಯವನ್ನೂ ಕೊಟ್ಟಿದ್ದರು. ಯೇಸುವನ್ನು ಒಪ್ಪದೆ ಸತ್ತವರಿಗೆ ಆರದ ಬೆಂಕಿ, ಅದಕ್ಕೆ ಕೊನೆಯಿಲ್ಲ.

ಶ್ವಾಸಕೋಶ ಕೆಟ್ಟು ಅಪ್ಪ ನಮ್ಮ ಮನೆಗೆ ಬಂದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ದಿನವೂ ಬೆಳಿಗ್ಗೆ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಮಲಗಿದಲ್ಲೇ ಪೂಜೆ ಮಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅವರ ಎದೆ ಏರಿಳಿಯುವುದನ್ನು ಎಣಿಸುತ್ತಿದ್ದೆ. ಪ್ರಾರ್ಥನೆಯ ಮಾತೆತ್ತಲು ಹನ್ನೊಂದು ದಿನ ಧೈರ್ಯ ಬರಲಿಲ್ಲ.

ಹನ್ನೆರಡನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಅವರಿಗೆ ಕೈ ಎತ್ತಲಾಗಲಿಲ್ಲ. ಕೊರಳಲ್ಲಿದ್ದ, ಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ಕಣ್ಣಿನಲ್ಲೇ ತೋರಿಸಿ, "ಲಿಂಗ ತೆಗೆದು ಕೈಗೆ ಕೊಡವ್ವ" ಎಂದರು. ಮುಟ್ಟಬಾರದೆಂದು ಬ್ರದರ್ ಹೇಳಿದ್ದರೂ ಕರಡಿಗೆಯನ್ನು ಬಿಚ್ಚಿ ಲಿಂಗವನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಮುಷ್ಟಿ ಮುಚ್ಚಿದೆ.

"ಅಪ್ಪಾ, ಮೊದಲು ನಾನು ಹೇಳಿಕೊಟ್ಟಂಗೆ ಒಂದು ಮಾತು ಹೇಳ್ರಿ."

"ಪಾಠ ಒಪ್ಪಿಸಬೇಕೇನು?"

"ಹೂಂ ಅಪ್ಪಾ."

"ಒಪ್ಪಿಸದಿದ್ರೆ?"

ಹೇಳಿದೆ. ಆ ಆರದ ಬೆಂಕಿಯ ಮಾತು.

"ಎಷ್ಟು ದಿನ ಸುಡ್ತಾನೆ?"

"ಯಾವಾಗಲೂ."

ಅವರು ಉಸಿರು ಕೂಡಿಸಿಕೊಂಡರು. "ನಾನೂ ಹುಡುಗ್ರನ್ನ ಬಿಸಿಲಾಗೆ ನಿಲ್ಸೀನಿ. ಗಂಟೆ ಹೊಡೆದ ಮ್ಯಾಲೆ ಒಬ್ಬನ್ನೂ ನಿಲ್ಸಿಲ್ಲ. ಮನೀಗೆ ಹೋಗಿ ಬುದ್ಧಿ ಕಲಿಯಲಿ ಅಂತ. ಹೋಗಾಕೇ ಬಿಡದಿದ್ರೆ ಕಲಿತು ಏನು ಮಾಡ್ಬೇಕು?" ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಭಾಳ ಹೆದರೀಯ ನೀನು. ಹೇಳ್ಕೊಡು, ಹೇಳ್ತೀನಿ."

ಕರ್ತನಾದ ಯೇಸುವೇ, ನಾನು ಪಾಪಿ, ನಿನ್ನನ್ನು ನನ್ನ ರಕ್ಷಕನೆಂದು ಒಪ್ಪಿಕೊಳ್ಳುತ್ತೇನೆ. ಹೇಳಿಕೊಟ್ಟದ್ದು ಇಷ್ಟೇ. ಅವರು ಒಂದೊಂದೇ ಪದ ಬಿಡಿಸಿ ಹೇಳುತ್ತಾ, ಹಾಸಿಗೆಯ ಮೇಲೆ ಎಡಗೈಯನ್ನು ಅಂಗೈ ಮೇಲಾಗಿ ನನ್ನತ್ತ ಸರಿಸಿದರು. "ನಾನು ಪಾಪಿ" ಎಂದರು. "ನಿನ್ನನ್ನು" ಎಂದರು. ಮುಂದಿನ ಪದಕ್ಕೆ ಕಾಯುತ್ತಾ ಅವರ ತುಟಿಗಳನ್ನೇ ನೋಡುತ್ತಿದ್ದೆ, ಕಣ್ಣುಗಳನ್ನಲ್ಲ. ಹಾಗಾಗಿ ಪ್ರಾಣ ಹೋದದ್ದು ನನಗೆ ತಡವಾಗಿ ತಿಳಿಯಿತು.

ಮಧ್ಯಾಹ್ನ ತಮ್ಮ ರುದ್ರೇಶ್ ಬಂದ. ಕೂರಿಸಿ ಸಮಾಧಿ ಮಾಡುವ ಮುನ್ನ ಜಂಗಮರು ಅಂಗೈಯಲ್ಲಿ ಲಿಂಗವಿಟ್ಟರು. ಬೆರಳುಗಳು ಸೆಟೆದುಕೊಂಡಿದ್ದವು, ಮಡಚಲಿಲ್ಲ. ದಾರ ಸುತ್ತಿ ಕಟ್ಟಬೇಕಾಯಿತು.

"ಕೈ ಯಾಕಕ್ಕಾ ಹಿಂಗೆ? ಏನಾದ್ರೂ ಕೇಳ್ತಿದ್ರಾ?"

"ನೀರು" ಎಂದೆ.

ಅಪ್ಪನ ಪ್ರಾರ್ಥನೆ ಅರ್ಧಕ್ಕೆ ನಿಂತದ್ದನ್ನು ಬ್ರದರ್‌ಗೆ ಫೋನಿನಲ್ಲಿ ತಿಳಿಸಿದ್ದೆ. ಭಾನುವಾರ ಹಾಲ್‌ನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಎಲ್ಲೀವರೆಗೂ ಹೇಳಿದ್ರು ಸಿಸ್ಟರ್?"

"ನಿನ್ನನ್ನು ಅನ್ನೋವರೆಗೆ."

"ಮನಸ್ಸಿಂದ ಹೇಳಿದ್ರಾ?"

"ಇಲ್ಲ. ನನ್ನ ಸಮಾಧಾನಕ್ಕೆ."

ಅವರು ಕಣ್ಣು ಮುಚ್ಚಿದರು. ಕೆಟ್ಟವರಲ್ಲ, ನಿಜವಾಗಿಯೂ ನೊಂದರು. "ಸ್ವಲ್ಪ ಮುಂಚೆನೇ ಶುರು ಮಾಡ್ಬೇಕಿತ್ತು ನೀವು."

"ತಡ ಮಾಡಿದ್ದು ನಾನು. ಸುಡೋದು ಅವರನ್ನಾ?"

"ಪಾಪ ಚಿಕ್ಕದಿರ್ಬಹುದು ಸಿಸ್ಟರ್. ಯಾರ ವಿರುದ್ಧ ಅನ್ನೋದನ್ನ ನೋಡ್ಬೇಕು. ದೇವರು ಅನಂತ, ಅದಕ್ಕೇ ಶಿಕ್ಷೆನೂ ಅನಂತ."

"ಮತ್ತೆ ಅವನ ದಯೆ ಯಾಕೆ ಬ್ರದರ್ ಉಸಿರು ನಿಂತ ತಕ್ಷಣ ಮುಗಿದುಹೋಗುತ್ತೆ?"

"ದುಃಖದಲ್ಲಿದೀರ. ಕೂತ್ಕೊಳ್ಳಿ, ಪ್ರಾರ್ಥನೆ ಮಾಡೋಣ." ಅವರ ಕೈ ನನ್ನ ತಲೆಯತ್ತ ಬಂತು. ನಾನು ತಲೆ ಸರಿಸಿದೆ.

ಕೆಲವೇ ಉಸಿರುಗಳಷ್ಟು ಹೊತ್ತು, ಕೇಳಿದ್ದನ್ನು ಕೊಡದೆ ಮುಷ್ಟಿ ಬಿಗಿಹಿಡಿದವಳು ನಾನು. ಅಂದಿನಿಂದ ಅನ್ನ ಸೇರುತ್ತಿಲ್ಲ. ಎಂದೆಂದಿಗೂ ಹಾಗೆಯೇ ಹಿಡಿದಿರುವವನನ್ನು ನ್ಯಾಯವಂತ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೆಳಗೆ ಮೆಟ್ಟಿಲ ಮೇಲೆ ನಾಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಏನಮ್ಮ ಹೇಮಾ, ಇವತ್ತು ಇಷ್ಟು ಬೇಗ ಬಿಟ್ಬುಟ್ರಾ? ಮೈಕು ಇನ್ನೂ ಅಂಗೇ ಕೂಗ್ತಾ ಐತಲ್ಲ."

"ಅವರು ಬಿಟ್ಟಿಲ್ಲ ಅಮ್ಮ. ನಾನೇ ಎದ್ದು ಬಂದೆ."

ಅವರು ಕಾಲು ಮಡಚಿ ದಾರಿ ಕೊಟ್ಟರು. ಹೆದರಿಕೆ ಹೋಗಿರಲಿಲ್ಲ. ಬೆನ್ನ ಹಿಂದೆ ಹಾಡು ಶುರುವಾಯಿತು. ಗೋಡೆ ಹಿಡಿದುಕೊಂಡೇ ಇಳಿದೆ.