ಹಿತ್ತಲಿನ ಬಿಸಿ

"ಪೈಪಿಂದ ನೀರು ಬಿಟ್ರೆ ನೋಡಿ ಮತ್ತೆ! ಮೊದಲು ನನ್ನ ಮೇಲೆ ಬಿಡ್ಬೇಕು, ಆಮೇಲೆ ಇದರ ಮೇಲೆ."

ಕಂಡಕ್ಟರಮ್ಮ ಎರಡೂ ಕೈ ಅಗಲಿಸಿ ನಿಂತಿದ್ದಳು, ತುಂಬಿ ತುಳುಕುವ ಬಸ್ಸಿನ ಬಾಗಿಲಲ್ಲಿ ಇನ್ನೊಂದು ನರಪಿಳ್ಳೆಯೂ ಹತ್ತದಂತೆ ಅಡ್ಡ ನಿಲ್ಲುವ ಹಾಗೆ. ಬೆಳಗಿನ ಪಾಳಿಗೆಂದು ತೊಟ್ಟ ಖಾಕಿ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಬಲಗೈಯಲ್ಲಿ ಸಲಿಕೆ. ಬೆನ್ನ ಹಿಂದೆ ಸೊಂಟದೆತ್ತರದ ತರಗೆಲೆ ರಾಶಿ. ಅದರ ನೆತ್ತಿಯಿಂದ ಬೆಳ್ಳಗೆ ಏನೋ ಎದ್ದು, ಚಳಿ ಗಾಳಿಯಲ್ಲಿ ಮೊದಲ ಮಹಡಿಯ ಒಗೆದ ಬಟ್ಟೆಗಳ ತನಕ ಏರುತ್ತಿತ್ತು.

ಎದುರಿಗೆ ಅಗ್ನಿಶಾಮಕದವರು ಇಬ್ಬರು. ಅವರ ಗಾಡಿ ಗೇಟಿನೊಳಗೆ ಹಿಡಿಸದೆ ರಸ್ತೆಯಲ್ಲೇ ನಿಂತಿತ್ತು. ಪೈಪು ಮಾತ್ರ ಸ್ಕೂಟರುಗಳ ಸಂದಿಯಲ್ಲಿ ಹೆಬ್ಬಾವಿನಂತೆ ತೆವಳಿ ಹಿತ್ತಲು ಸೇರಿತ್ತು. ಮೇಲಿನ ಬಾಲ್ಕನಿಗಳಲ್ಲಿ ಬಾಯಲ್ಲಿ ಬ್ರಷ್ ಇಟ್ಟುಕೊಂಡವರು, ತಲೆಗೆ ಟವೆಲ್ ಸುತ್ತಿಕೊಂಡವರು, ಎಲ್ಲರೂ ಪುಕ್ಕಟೆ ಸಿನಿಮಾಕ್ಕೆ ಸೀಟು ಹಿಡಿದವರಂತೆ ನಿಂತಿದ್ದರು.

"ಅಮ್ಮಾ, ಹೊಗೆ ಬರ್ತಿದೆ. ಕಣ್ಣಿಗೆ ಕಾಣ್ತಿದೆಯಲ್ಲ," ಎಂದ ಇಬ್ಬರಲ್ಲಿ ದೊಡ್ಡವನು, ದಪ್ಪ ಮೀಸೆಯವನು.

"ಹೊಗೆಯಲ್ಲ ಅಣ್ಣ, ಹಬೆ. ಸ್ನಾನಕ್ಕೆ ನೀರು ಕಾಯ್ಸಿದ ಮನೆಗೆಲ್ಲ ನೀವು ಹಿಂಗೇ ಗಂಟೆ ಬಾರಿಸ್ಕೊಂಡು ಹೋಗ್ತೀರಾ?"

ಬಾಲ್ಕನಿಯಲ್ಲಿ ಯಾರೋ ಕಿಸಕ್ಕೆಂದರು. ಮೀಸೆಯವನ ಪಕ್ಕ ನಿಂತಿದ್ದ ಸೆಕ್ರೆಟರಿ ಮಾತ್ರ ನಗಲಿಲ್ಲ. ಇಡೀ ಕಟ್ಟಡದ ಆಡಳಿತ ತಮ್ಮ ತಲೆಯ ಮೇಲೆ ಕೂತಿದೆ ಎಂಬಂತೆ ಕತ್ತು ಸೆಟೆಸಿ ನಡೆಯುವ ಮನುಷ್ಯ. ಚಾಪೆ ಎಲ್ಲಿ ಒದರಬೇಕು, ಒದ್ದೆ ಸೀರೆ ಎಷ್ಟುದ್ದ ಇಳಿಬಿಡಬಹುದು ಎಂಬುದಕ್ಕೆಲ್ಲ ಲಿಫ್ಟಿನ ಬಾಗಿಲಿಗೆ ಕಾಗದ ಅಂಟಿಸಿದವರು. ಈ ರಾಶಿಯ ಮೇಲಂತೂ ಅವರಿಗೆ ಮೊದಲ ದಿನದಿಂದಲೂ ಕಣ್ಣು.

ರಾಶಿ ಹುಟ್ಟಿದ್ದು ಕಂಡಕ್ಟರಮ್ಮನ ಸಿಟ್ಟಿನಿಂದ. ಅವಳ ಅಡುಗೆಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಪಟ್ಟಿ ಜಾಗವಿತ್ತು. ಮನೆ ಕೊಂಡಾಗಲೇ ಪತ್ರದಲ್ಲಿ ಅವಳ ಪಾಲಿಗೆ ಬಂದ ಜಾಗ. ಸಲಿಕೆ ಹಾಕಿದರೆ ಮಣ್ಣಿಗಿಂತ ಮೊದಲು ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಸಿಗುತ್ತಿತ್ತು. ನರ್ಸರಿಗೆ ಹೋಗಿ ಗೊಬ್ಬರದ ಚೀಲ ತಂದಳು. ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಅರ್ಧ ತೆಂಗಿನ ನಾರು, ಅರ್ಧ ಮರಳು. ಟೊಮೆಟೊ ಸಸಿಗಳು ಕಾಮಾಲೆ ಬಂದಂತೆ ಹಳದಿಯಾಗಿ ಮಲಗಿದವು. ಇನ್ನೆರಡು ಚೀಲ ಹಾಕಿ ಎಂದ ನರ್ಸರಿಯವನು. ಅವನು ಹೇಳಿದ ಬೆಲೆಗೆ ಟೊಮೆಟೊವನ್ನೇ ಬುಟ್ಟಿಗಟ್ಟಲೆ ಕೊಳ್ಳಬಹುದಿತ್ತು.

"ನಿನ್ನ ಗೊಬ್ಬರ ನೀನೇ ತಿನ್ನು," ಎಂದು ಅವನಿಗೆ ಹೇಳಿ ಬಂದವಳು ಮರುದಿನದಿಂದ ತನ್ನ ರೂಟನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದಳು. ಕೊನೆಯ ನಿಲ್ದಾಣದ ಮರಗಳ ಕೆಳಗೆ ಗುಡಿಸಿದ ತರಗೆಲೆ, ಜ್ಯೂಸ್ ಅಂಗಡಿಯ ಹಿಂದೆ ಹಣ್ಣಿನ ಸಿಪ್ಪೆ, ಚಹಾ ಅಂಗಡಿಯಲ್ಲಿ ಸೋಸಿ ಎಸೆದ ಚರಟ. ಎಲ್ಲವೂ ಯಾರಿಗೂ ಬೇಡವಾಗಿ ಬಿದ್ದಿತ್ತು. ಪಾಳಿ ಮುಗಿಸಿ ಬರುವ ಖಾಲಿ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಮೂಟೆ ತಳ್ಳಿ, ತನಗೆ ತಾನೇ ಲಗೇಜ್ ಟಿಕೆಟ್ ಹರಿದುಕೊಂಡಳು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಎಲೆಗೂ ಟಿಕೆಟ್ಟಾ ಅಕ್ಕ?" ಅಂದಿದ್ದ. "ಚೆಕಿಂಗ್‌ನವರು ಹತ್ತಿದ್ರೆ ಎಲೆ ಇಳ್ಕೊಂಡು ಓಡುತ್ತಾ? ನಾನು ತಾನೆ ಸಿಕ್ಕಿಬೀಳೋದು!" ಎಂದಿದ್ದಳು.

ಒಣಗಿದ್ದು ಒಂದು ಪದರ, ಹಸಿ ಸಿಪ್ಪೆ ಒಂದು ಪದರ. ಬೆಳಿಗ್ಗೆ ಸಲಿಕೆಯಿಂದ ತಿರುವಿ ಹಾಕಿದರೆ ಒಳಗಿನ ಕಾವು ಹಬೆಯಾಗಿ ಏಳುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಹಾಲಿನ ಪ್ಯಾಕೆಟ್ಟುಗಳೊಳಗೆ ಹೊಸ ಸಸಿಗಳು ತಲೆಯೆತ್ತಿ ಕಾಯುತ್ತಿದ್ದವು. ಇನ್ನು ಸ್ವಲ್ಪ ದಿನ, ರಾಶಿ ಕರಗಿ ಕಪ್ಪು ಗೊಬ್ಬರವಾಗುತ್ತಿತ್ತು. ಈಗ ಇದರ ಮೇಲೆ ಪೈಪಿನ ನೀರು ಬಿದ್ದರೆ ತಣ್ಣಗಾಗಿ, ಕೊಳೆತು, ನಾರುತ್ತದೆ. ಒಮ್ಮೆ ನಾರಿತೆಂದರೆ, ಅದು ಬರೀ ಕೊಳೆತ ಕಸ ಎಂದು ಸೆಕ್ರೆಟರಿ ಹೇಳಿಕೊಂಡು ತಿರುಗಿದ್ದೆಲ್ಲ ನಿಜವಾಗುತ್ತದೆ. ಅವಳಿಗೆ ಸಹಿಸಲಾಗದ್ದು ಅದೇ.

"ಅಷ್ಟಕ್ಕೂ ಫೋನ್ ಮಾಡಿದ್ಯಾರು?" ಎಂದು ಗದರಿದಳು.

"ನಾನೇ ಮಾಡ್ದೆ," ಎಂದರು ಸೆಕ್ರೆಟರಿ. "ಆದ್ರೆ ಬೆಂಕಿ ಬೆಂಕಿ ಅಂತ ಕೂಗಿದ್ದು ನಾನಲ್ಲ. ನಿಮ್ಮ ಅತ್ತೆಯವರು."

ಎಲ್ಲರ ಕತ್ತೂ ಅಡುಗೆಮನೆಯ ಕಿಟಕಿಯತ್ತ ತಿರುಗಿತು. ಸಸಿಗಳ ಹಿಂದೆ ಅತ್ತೆಯ ಮುಖ. ಕಂಡಕ್ಟರಮ್ಮನ ಗಂಡ ಲಾರಿ ಓಡಿಸಿಕೊಂಡು ಊರೂರು ಸುತ್ತುವವನು. ಮನೆಯಲ್ಲಿ ಇರುವವರು ಈ ಇಬ್ಬರೇ. ಎಲೆಯ ಮೊದಲ ಮೂಟೆ ಬಂದ ದಿನದಿಂದ ಅತ್ತೆ "ಕಸದ ಮಹಾರಾಣಿ ಬಂದ್ಲು" ಅನ್ನದೆ ಒಂದು ಸಂಜೆಯೂ ಬಾಗಿಲು ತೆಗೆದವರಲ್ಲ.

"ಕೂಗಿದ್ರಾ ಅತ್ತೆ?"

"ಹೂಂ, ಕೂಗ್ದೆ. ಕನ್ನಡಕ ಇರ್ಲಿಲ್ಲ. ನೀನು ಆ ಬಿಳಿ ಮೋಡದೊಳಗೆ ನಿಂತಿದ್ದೆ. ಸುಟ್ಟೋಗ್ತಿದೀಯ ಅಂದ್ಕೊಂಡೆ," ಎಂದರು ಅತ್ತೆ, ಬೈಯುವ ದನಿಯಲ್ಲೇ. "ಸಾಯ್ಲಿ ಅಂತ ಸುಮ್ನಿರ್ಬೇಕಿತ್ತಾ?"

ಕಂಡಕ್ಟರಮ್ಮ ಕಿಟಕಿಯತ್ತಲೇ ತಿರುಗಿ ನಿಂತಳು. ಅಷ್ಟರಲ್ಲಿ ಮೀಸೆಯವನು ಅವಳನ್ನು ದಾಟಿ ಹೋಗಿ, ಗ್ಲೌಸು ಕಳಚಿ, ಮೊಣಕೈವರೆಗೆ ತೋಳನ್ನು ರಾಶಿಯೊಳಗೆ ತೂರಿಸಿ, ಹಾವು ಕಚ್ಚಿದಂತೆ ಹೊರಗೆಳೆದ.

"ಅಬ್ಬಬ್ಬಾ! ಒಳಗೆ ಕೆಂಡ ಇದ್ದಂಗಿದೆ!"

"ಕೇಳಿದ್ರಾ?" ಸೆಕ್ರೆಟರಿ ಬಾಲ್ಕನಿಗಳಿಗೆಲ್ಲ ಕೇಳುವಂತೆ ಹೇಳಿದರು. "ಬಿಡಿ ನೀರು. ಪೂರ್ತಿ ಬಿಡಿ. ಕಸದ ಲಾರಿಗೂ ಹೇಳಿದೀನಿ, ಇನ್ನೇನು ಬರುತ್ತೆ. ಹಾಗೇ ಬಾಚ್ಕೊಂಡು ಹೋಗ್ಲಿ."

ಪೈಪು ಹಿಡಿದವನು ಕಾಲು ಅಗಲಿಸಿ ನಿಂತ. ಕಂಡಕ್ಟರಮ್ಮ ಒಂದು ಕ್ಷಣ ಅವನನ್ನು ನೋಡಿದಳು. ಸಲಿಕೆ ಪಕ್ಕಕ್ಕೆಸೆದು, ಖಾಲಿ ಗೋಣಿಚೀಲವೊಂದನ್ನು ರಾಶಿಯ ಮೇಲೆ ಹಾಸಿ, ಹಿಂದಕ್ಕೆ ತಿರುಗಿ, ಖಾಕಿ ಪ್ಯಾಂಟಿನಲ್ಲೇ ಧೊಪ್ಪನೆ ಅದರ ಮೇಲೆ ಕೂತುಬಿಟ್ಟಳು. ಹಬೆ ಅವಳ ಎರಡೂ ಕಡೆಯಿಂದ ಬುಸ್ಸೆಂದು ಎದ್ದಿತು.

"ಬೆಂಕಿ ಇದ್ರೆ ನಾನು ಉರೀಬೇಕು. ಉರಿದ್ರೆ ಆರಿಸಿ. ಅಲ್ಲೀವರೆಗೂ ಎಲ್ಲ ತೆಪ್ಪಗೆ ನಿಂತ್ಕೊಳ್ಳಿ."

ಗೋಣಿಯಡಿಯಿಂದ ಕಾವು ಏರಿ ಬರುತ್ತಿತ್ತು. ಚುರುಕು ಮುಟ್ಟಿತು, ಅವಳು ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ನೂಕುನುಗ್ಗಲಿನಲ್ಲಿ ಕಾಲು ತುಳಿಸಿಕೊಂಡೇ ಚಿಲ್ಲರೆ ಎಣಿಸಿದವಳು ಅವಳು.

"ರೂಲ್ಸ್ ಪ್ರಕಾರ..." ಎಂದು ಶುರುಮಾಡಿದರು ಸೆಕ್ರೆಟರಿ.

"ರೂಲ್ಸ್ ಪ್ರಕಾರ ಬೆಂಕಿ ಇದ್ರೆ ಮಾತ್ರ ನಾವು ನೀರು ಬಿಡೋದು ಸಾರ್," ಎಂದ ಮೀಸೆಯವನು, ಅವಳನ್ನೇ ನೋಡುತ್ತ. ತೋಳಿಗಂಟಿದ ಎಲೆಯ ಚೂರನ್ನು ತೆಗೆದು ಮೂಸಿದ. ಕಾಡಿನ ನೆಲದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. "ಪೈಪ್ ಸುತ್ತಪ್ಪಾ," ಎಂದು ಜೊತೆಯವನಿಗೆ ಹೇಳಿ, ದನಿ ಇಳಿಸಿ ಕೇಳಿದ. "ಇದಕ್ಕೆ ಎಂಥಾ ಎಲೆ ಆದ್ರೂ ಆಗುತ್ತಾಮ್ಮ? ನಮ್ಮ ಸ್ಟೇಷನ್ ಹಿಂದೆ ರಾಶಿ ರಾಶಿ ಬೀಳುತ್ತೆ. ದಿನಾ ಬೆಂಕಿ ಹಾಕ್ತೀವಿ."

"ಬೆಂಕಿ ಆರ್ಸೋರೇ ಬೆಂಕಿ ಹಾಕ್ತೀರಾ!" ಎಂದು ಅವಳು ಕೂತಲ್ಲಿಂದಲೇ ಹಣೆ ಚಚ್ಚಿಕೊಂಡಳು. "ಹಾಕ್ಬೇಡಿ. ಮೂಟೆ ಕಟ್ಟಿ ಇಟ್ಟಿರಿ. ನನ್ನ ಬಸ್ಸು ನಿಮ್ಮ ಗೇಟ್ ಮುಂದೇನೇ ಹೋಗೋದು."

ಪೈಪು ಬಂದ ದಾರಿಯಲ್ಲೇ ತೆವಳಿಕೊಂಡು ಹೊರಗೆ ಹೋಯಿತು. ಆದರೆ ಸೆಕ್ರೆಟರಿ ಹೋಗಲಿಲ್ಲ. ಕೈಗಡಿಯಾರ ನೋಡಿ ತಣ್ಣಗೆ ಹೇಳಿದರು: "ಕೂತ್ಕೊಳ್ಳಿ, ಕೂತ್ಕೊಳ್ಳಿ. ಡ್ಯೂಟಿಗೆ ಹೋಗ್ಲೇಬೇಕಲ್ಲ? ನೀವು ಆ ಕಡೆ ಹೋಗ್ತಿದ್ದ ಹಾಗೆ ಲಾರಿ ಈ ಕಡೆ ಬರುತ್ತೆ."

ಅದು ನಿಜವಾಗಿತ್ತು. ಡಿಪೋದಲ್ಲಿ ಬಸ್ಸು ಹೊರಡುವ ಹೊತ್ತಾಗಿತ್ತು. ತಡವಾದರೆ ಪಾಳಿ ಹೋಗುತ್ತಿತ್ತು, ಹೋದರೆ ರಾಶಿ ಹೋಗುತ್ತಿತ್ತು. ಕಂಡಕ್ಟರಮ್ಮ ಕೂತಲ್ಲಿಂದಲೇ ಒಮ್ಮೆ ಗೇಟಿನತ್ತ, ಒಮ್ಮೆ ರಾಶಿಯತ್ತ ನೋಡಿದಳು.

ಹಿತ್ತಲ ಬಾಗಿಲು ಕಿರುಗುಟ್ಟಿತು. ಅತ್ತೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಈಗ ಕನ್ನಡಕವಿತ್ತು. ರಾಶಿಯನ್ನು ಬುಡದಿಂದ ನೆತ್ತಿಯವರೆಗೆ ಒಮ್ಮೆ ನೋಡಿ ಮೂಗು ಮುರಿದರು.

"ಏಳೇ. ಜಾಗ ಬಿಡು."

"ಅತ್ತೆ?"

"ಬಸ್ಸಲ್ಲಿ ದಿನಾ ಹೇಳ್ತೀಯಲ್ಲ, ವಯಸ್ಸಾದೋರಿಗೆ ಸೀಟು ಬಿಡಿ ಅಂತ. ನನಗೆ ಬಿಡಕ್ಕೇನು ಧಾಡಿ?"

ಕಂಡಕ್ಟರಮ್ಮ ಎದ್ದು, ಅವರ ರಟ್ಟೆ ಹಿಡಿದು, ರಾಶಿ ಇಳಿಜಾರಾಗಿದ್ದ ಕಡೆ ಗೋಣಿ ಎಳೆದು ಹಾಸಿ ಕೂರಿಸಿದಳು. ಅತ್ತೆ ಹಾ ಎಂದರು. ಸುಟ್ಟಿತೆಂದು ಅವಳು ಹೆದರಿ ಮತ್ತೆ ಕೈಹಿಡಿಯಲು ಹೋದರೆ ಕೈ ಕೊಡವಿಕೊಂಡರು.

"ಅಜ್ಜಿ, ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಏಳಿ," ಎಂದರು ಸೆಕ್ರೆಟರಿ. "ಕಸದ ಮೇಲೆ ಕೂರ್ತಾರಾ ಯಾರಾದ್ರೂ?"

"ಏಳಲ್ಲ ಕಣಯ್ಯ. ಮಂಡಿಗೆ ಹಿತವಾಗಿದೆ. ಎಣ್ಣೆ ಹಚ್ಚಿ ತಿಕ್ಕಿದ್ರೂ ಇಂಥಾ ಕಾವು ಸಿಗ್ಲಿಲ್ಲ ನನಗೆ." ಅತ್ತೆ ಸೆರಗನ್ನು ಹೊದ್ದುಕೊಂಡರು. "ಲಾರಿ ಬರುತ್ತಂತಲ್ಲ, ಬರ್ಲಿ. ಮೊದಲು ನನ್ನ ಬಾಚ್ಕೊಂಡು ಹೋಗ್ಲಿ. ನನ್ನ ಮಗನೂ ಲಾರಿಯವನೇ, ಲಾರಿ ಕಂಡ್ರೆ ನನಗೇನೂ ಭಯವಿಲ್ಲ."

ಮೂರನೆಯ ಮಹಡಿಯಿಂದ ಯಾರೋ, "ಹಾಗೆ ಹೇಳಿ ಅಜ್ಜಿ!" ಎಂದು ಕೂಗಿದರು. ಅತ್ತೆ ತಲೆಯೆತ್ತಿ, "ನೀನೇನು ಮೇಲಿಂದ ಕೂಗೋದು? ನಿನ್ನ ತರಕಾರಿ ಸಿಪ್ಪೆ ಕೆಳಗೆ ತಂದು ಹಾಕು, ಆಮೇಲೆ ಮಾತಾಡು," ಎಂದರು.

ಕಂಡಕ್ಟರಮ್ಮ ಪ್ಯಾಂಟಿನ ಹಿಂಬದಿಯ ಎಲೆ ಕೊಡವಿ, ತೋಳು ಇಳಿಸಿ ಗುಂಡಿ ಹಾಕಿಕೊಂಡಳು. ಟಿಕೆಟ್ ಮೆಷಿನ್ನಿನ ಚೀಲ ಹೆಗಲಿಗೇರಿಸಿದಳು. ಅತ್ತೆಯತ್ತ ತಿರುಗಿ ನಿಂತಳು.

"ನಿಂತ್ಕೊಂಡು ಏನ್ ನೋಡ್ತೀಯ? ಬಸ್ಸು ಹೋಗುತ್ತೆ," ಎಂದರು ಅತ್ತೆ. "ಬರ್ತಾ ಒಂದು ಮೂಟೆ ತಗೊಂಡ್ಬಾ. ಎಡಗಡೆ ಸ್ವಲ್ಪ ತಣ್ಣಗಿದೆ."

ಗೇಟಿನ ಹತ್ತಿರ ಅವಳು ತಿರುಗಿ ನೋಡಿದಳು. ಸೆಕ್ರೆಟರಿ ಇನ್ನೂ ಅಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟಿದ್ದರು. ಬರಿಗಾಲನ್ನು ನಿಧಾನವಾಗಿ, ಒಂದಾದ ಮೇಲೆ ಒಂದು, ಎಲೆಗಳೊಳಗೆ ತೂರಿಸುತ್ತಿದ್ದರು.