ಝೀಟಾಳ ಹೆಸರು ಸೇರಿದ ಹಾಡು

ಡೊಮಿನಿಕ್‌ನ ಬೆರಳು ಗುಮಟಿನ ಚರ್ಮದ ಮೇಲೆ ಬಿತ್ತು. ಆ ಮಣ್ಣಿನ ವಾದ್ಯದ ಹೊಟ್ಟೆಗೆ ಕೆನ್ನೆಯೊತ್ತಿ ಕುಳಿತಿದ್ದ ಝೀಟಾ ನಡುಗಿ, ನಕ್ಕಳು. ಆಗಲೇ ಜೆರ್ಟ್ರೂಡ್ ಬಾಯಿ ಹಾಡಿನ ಮುಂದಿನ ಸಾಲಿಗೆ ಅವಳ ಹೆಸರನ್ನು ಸೇರಿಸಿಬಿಟ್ಟರು.

"ಸೇರಿಸಿ ಮಾವ್ಶಿ, ಖುಷಿಪಡ್ತಾಳೆ" ಎಂದು ಅವರ ಕಿವಿಯಲ್ಲಿ ಹೇಳಿದ್ದು ಝೀಟಾಳ ಅಣ್ಣ ಓಸ್ವಾಲ್ಡ್. ರಜೆಯಲ್ಲಿ ಬಹರೈನಿನಿಂದ ಬಂದವನು; ಊರಿನ ಎಲ್ಲರಂತೆ ಅವನಿಗೂ ಅವರು ಮಾವ್ಶಿ, ಚಿಕ್ಕಮ್ಮ. ಅವನ ಅಂಗಿಯ ಅತ್ತರಿನ ವಾಸನೆಗೆ ಜೆರ್ಟ್ರೂಡ್ ಬಾಯಿಗೆ ಮೊದಲೇ ತಲೆ ಸಿಡಿಯುತ್ತಿತ್ತು.

ಕ್ರಿಸ್‌ಮಸ್ ಹತ್ತಿರವಾದಾಗ ಅವರು ತಂಗಿಯ ಮಗ ಡೊಮಿನಿಕ್‌ನನ್ನು ಕರೆದುಕೊಂಡು ಕಾಪುವಿನ ಈ ಕೇಂದ್ರಕ್ಕೆ ಬಂದು ಹಾಡುವುದು ರೂಢಿ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ, ಬುದ್ಧಿ ಬೆಳೆಯದವರ, ಕೈಕಾಲು ತಿರುಚಿಕೊಂಡವರ ಜಾಗ ಅದು. ಜೆರ್ಟ್ರೂಡ್ ಬಾಯಿಗೆ ಬರುತ್ತಿದ್ದುದು ರೋಸಿನ ಹಾಡುಗಳು ಮಾತ್ರ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಹೇಳುವ ಹಾಡುಗಳು. ಇಲ್ಲಿ ಯಾರ ಹೆಸರನ್ನೂ ಹಾಕದೆ ಹಾಡುತ್ತಿದ್ದರು; ಇಂದು ತಲೆನೋವಿನ ನಡುವೆ ಯೋಚಿಸದೆ ಸೇರಿಸಿದ್ದರು. ಹೆಸರು ಸೇರಿದರೆ ಹಾಡು ಆ ಹೆಣ್ಣಿನದಾಗುತ್ತದೆ, ಕೊನೆಯ ಸಾಲಿನವರೆಗೆ ಹೋಗಲೇಬೇಕು. ಎಲ್ಲೂರಿನ ಕಡೆ ಒಂದು ಮನೆಯಲ್ಲಿ ಜಗಳವೆದ್ದು ಹಾಡು ನಡುವೆ ನಿಂತಿತ್ತು. ಮುಂದಿನ ಮಳೆಗಾಲಕ್ಕೆ ಮದುಮಗಳು ಮಣ್ಣಿನಡಿ ಇದ್ದಳು. ಅಂದು ಹಾಡಿದ್ದ ಜೆರ್ಟ್ರೂಡ್ ಬಾಯಿಯ ಅಮ್ಮ ಮತ್ತೆಂದೂ ಹಾಡಲಿಲ್ಲ.

ಕೋಣೆಯಲ್ಲಿದ್ದವರು ಸಾಲನ್ನು ತಿರುಗಿ ಹೇಳಿದರು, ಒಬ್ಬೊಬ್ಬರು ಒಂದೊಂದು ಸ್ವರದಲ್ಲಿ. ಚಪ್ಪಾಳೆ ಎಲ್ಲೆಲ್ಲೋ ಬೀಳುತ್ತಿತ್ತು. ಮೇಲ್ವಿಚಾರಣೆಯ ಸಿಸ್ಟರ್ ಇಮೆಲ್ಡಾ, ಫಿಟ್ಸ್ ಬಂದ ಹುಡುಗಿಯೊಬ್ಬಳನ್ನು ಕರೆದುಕೊಂಡು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದರು. ಉಳಿದವಳು ಆಯಾ ಕಮಲ ಒಬ್ಬಳೇ. ಅವಳು ಗೋಡೆಗೊರಗಿ ನಿಂತಿದ್ದಳು, ಯಾರ ಮುಖವನ್ನೂ ನೋಡದೆ.

ಹಿಂಡಿದ ತೆಂಗಿನ ಹಾಲಿನ ವಾಸನೆ ಬಂತು. ಆಮೇಲೆ ಪಾತ್ರೆ ಕಾಣಿಸಿತು, ಓಸ್ವಾಲ್ಡ್‌ನ ಕೈಯಲ್ಲಿ. ಝೀಟಾಳನ್ನು ಎಬ್ಬಿಸಿ ಅವನು ಬಿಳಿ ಬಟ್ಟೆ ಹಾಸಿದ ಸ್ಟೂಲಿನ ಮೇಲೆ ಕೂರಿಸಿದ. ಮೂವತ್ತು ದಾಟಿದ ಹೆಂಗಸು, ಮಗುವಿನಂತೆ ಕಾಲು ತೂಗಾಡಿಸಿದಳು. ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದ ನರೆತ ಮೀಸೆಯ ಅಪರಿಚಿತ ಅವಳ ಮುಖ ನೋಡುತ್ತಿರಲಿಲ್ಲ. ಕೈಗಳನ್ನು ನೋಡುತ್ತಿದ್ದ.

"ಎಂತ ಇದು, ಓಸ್ವಾಲ್ಡ್?" ಚಪ್ಪಾಳೆಯ ನಡುವೆ ಜೆರ್ಟ್ರೂಡ್ ಬಾಯಿ ಕೇಳಿದರು.

"ನಾಳೆ ಮದುವೆ ಮಾವ್ಶಿ. ಅವರು ಮೌರಿಸ್, ಹೂಡೆಯವರು. ಹೆಂಡತಿ ತೀರಿಕೊಂಡಿದ್ದಾರೆ, ತಾಯಿ ಹಾಸಿಗೆ ಹಿಡಿದಿದ್ದಾರೆ. ಎತ್ತಿ ಕೂರಿಸ್ಲಿಕ್ಕೆ ಒಂದು ಜನ ಬೇಕು."

"ಅದಕ್ಕೆ ಇವಳಾ?"

"ನನ್ನ ಹೆಂಡತಿಗೆ ಇವಳನ್ನು ಕಂಡ್ರೆ ಆಗುವುದಿಲ್ಲ. ನಾನು ಹೋದ ಮೇಲೆ ಯಾರು ನೋಡುವುದು, ನೀವಾ? ಮನೆಯಲ್ಲಿ ರೋಸ್ ಮಾಡಿದ್ರೆ ಕಚ್ಚುತ್ತಾಳೆ ಮಾರಾಯ್ರೆ. ಇಲ್ಲಿ ನೋಡಿ, ನಿಮ್ಮ ಗುಮಟ್ ಕೇಳಿದ ಕೂಡಲೇ ತಣ್ಣಗೆ ಕೂತಿದ್ದಾಳೆ."

"ಪಾದ್ರಿಗಳು ಒಪ್ಪಿಗೆ ಕೇಳಿದಾಗ ಎಂತ ಹೇಳುವುದು ಇವಳು?"

"ಹೇಳಿಕೊಟ್ಟಿದ್ದೇನೆ. ಚಾಕಲೇಟಿಗೆ ಕಲಿತಿದ್ದಾಳೆ." ಅವನು ನಕ್ಕ. "ಹಾಡಿ ಮಾವ್ಶಿ, ನಿಲ್ಲಿಸಬೇಡಿ. ನಿಲ್ಲಿಸಿದರೆ ಎಂತ ಆಗ್ತದೆ ಅಂತ ನಿಮಗೇ ಗೊತ್ತುಂಟಲ್ಲ."

ಎಲ್ಲೂರಿನ ಕಥೆಯೂ ಅವನಿಗೆ ಗೊತ್ತಿತ್ತು. ಜೆರ್ಟ್ರೂಡ್ ಬಾಯಿ ಇನ್ನೊಂದು ಸಾಲು ಹಾಡಿದರು, ಇನ್ನೊಂದು. ಪ್ರತಿ ಸಾಲಿಗೂ ಝೀಟಾ ಹೂಡೆಯ ಆ ಮನೆಗೆ ಒಂದು ಹೆಜ್ಜೆ ಹತ್ತಿರವಾಗುತ್ತಿದ್ದಳು, ತಾವೇ ಹಾಡಿ ಕಳಿಸುತ್ತಿರುವಂತೆ. ಮೌರಿಸ್ ಒಳಗೆ ಬಂದ. ಕೊಡೆಯನ್ನು ಮೂಲೆಗಿಟ್ಟ, ತನ್ನ ಮನೆಯಲ್ಲಿ ಇಡುವ ಹಾಗೆ. ಓಸ್ವಾಲ್ಡ್ ಬೆರಳನ್ನು ಹಾಲಿನಲ್ಲಿ ಅದ್ದಿದ.

ಜೆರ್ಟ್ರೂಡ್ ಬಾಯಿ ಬಗ್ಗಿ ಅಂಗೈಯನ್ನು ಗುಮಟಿನ ಚರ್ಮದ ಮೇಲೆ ಒತ್ತಿದರು.

ಶಬ್ದ ಸತ್ತಿತು. ಡೊಮಿನಿಕ್ ಬೆರಳುಗಳನ್ನು ಸುಟ್ಟುಕೊಂಡವನಂತೆ ಹಿಂದೆಳೆದುಕೊಂಡ. "ಮಾವ್ಶಿ, ಮುಗಿದಿಲ್ಲ!" ಎಂದ ಪಿಸುಮಾತಿನಲ್ಲಿ. ಹಾಡಿಲ್ಲದೆಯೂ ಚಪ್ಪಾಳೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಒಬ್ಬೊಬ್ಬರದೇ ನಿಂತಿತು. ಕಮಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹುಚ್ಚಾ ನಿಮಗೆ?" ಓಸ್ವಾಲ್ಡ್‌ನ ಬೆರಳಿನಿಂದ ಹಾಲು ನೆಲಕ್ಕೆ ತೊಟ್ಟಿಕ್ಕಿತು. "ಇವಳಿಗೆ ಏನಾದರೂ ಆದರೆ?"

"ಆದರೆ ನನಗೆ ಆಗಲಿ. ಅವಳನ್ನು ಕೇಳಿ, ಓಸ್ವಾಲ್ಡ್. ಒಂದು ಸಲ ಕೇಳಿ."

"ಎಂತ ಕೇಳುವುದು ಅವಳನ್ನು?"

ಕೇಳಲು ಮುಂದೆ ಬಂದದ್ದು ಮೌರಿಸ್. ಕೆಟ್ಟ ಮನುಷ್ಯನಂತೆ ಕಾಣುತ್ತಿರಲಿಲ್ಲ, ದಣಿದಿದ್ದ. ಕಾಗದದ ಪೊಟ್ಟಣ ಬಿಚ್ಚಿ ಮದುವೆಯ ಕೆಂಪು ಸೀರೆಯನ್ನು ಝೀಟಾಳ ಮಡಿಲಲ್ಲಿಟ್ಟ.

"ಇದು ನಿನಗೆ. ನಾಳೆ ಉಟ್ಟುಕೊಳ್ಳುವುದು. ಆಮೇಲೆ ನಮ್ಮ ಮನೆಗೆ ಹೋಗುವ. ಹೊಳೆ ಉಂಟು, ದೋಣಿ ಉಂಟು, ದಿನಾ ಮೀನು."

ಝೀಟಾ ಜರಿಯ ಮೇಲೆ ಬೆರಳಾಡಿಸಿದಳು, ಅಂಚಿನಿಂದ ಅಂಚಿಗೆ. ಓಸ್ವಾಲ್ಡ್ ಉಸಿರು ಬಿಟ್ಟ.

"ನಾಡಿದ್ದು ಇಲ್ಲಿಗೆ ಬರ್ಲಿಕ್ಕೆ ಉಂಟಾ?" ಅವಳು ಕೇಳಿದಳು.

"ಇಲ್ಲಿಗೆ ಎಂತಕ್ಕೆ? ಅಲ್ಲೇ ಇರುವುದು. ಅಮ್ಮನನ್ನು ನೋಡಿಕೊಳ್ಳುವುದು."

ಝೀಟಾ ಸೀರೆಯನ್ನು ಎರಡೂ ಕೈಗಳಿಂದ ಎತ್ತಿ ಅವನ ಎದೆಗೆ ಒತ್ತಿದಳು.

"ನಂಗೆ ಬೇಡ. ನಾನು ಬರುವುದಿಲ್ಲ."